ವೇವರ್ ಅಂದರೇನು, ಟ್ರೇಡ್ ಹೇಗೆ? ನಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಸೇರುವವರಿಗೆ



ಕಳೆದ ಸೀಸನ್‌ನಲ್ಲಿ ನಮ್ಮ ಸಂಘದ ಎಂಟು ಮಂದಿ ಸೇರಿ ಆಡಿದ ಫ್ಯಾಂಟಸಿ ಫುಟ್‌ಬಾಲ್ ಲೀಗ್ ಬಗ್ಗೆ ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನಿಂದ ಹಲವರು ಕೇಳುತ್ತಿದ್ದಾರೆ. ಕೇಳುವವರ ಪ್ರಶ್ನೆ ಹೆಚ್ಚುಕಡಿಮೆ ಎರಡೇ. ಒಂದು, ಇದಕ್ಕೆ ದುಡ್ಡು ಹಾಕಬೇಕೇ? ಎರಡು, ಗ್ರೂಪಿನಲ್ಲಿ ದಿನಾ ಕೇಳಿಬರುವ ಈ ವೇವರ್, ಟ್ರೇಡ್ ಅಂದರೆ ಏನು? ಎರಡನೆಯದಕ್ಕೆ ಉತ್ತರ ಉದ್ದ. ಅದಕ್ಕೇ ಈ ಬರಹ. ಮೊದಲನೆಯದಕ್ಕೆ ಉತ್ತರ ಒಂದೇ ಮಾತು: ಬೇಡ. ಒಂದು ರೂಪಾಯಿಯೂ ಬೇಡ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ನ್ಯಾಲ್ಕಲ್‌ನಲ್ಲಿ ಇರುವವರಿಗೆ ಗೊತ್ತು, ನಮ್ಮ ಮಂಡಲದ ಹೊಲ ಮುಗಿದರೆ ಬೀದರ್ ಜಿಲ್ಲೆ. ತೆಲಂಗಾಣದಲ್ಲಿ 2017ರಲ್ಲೇ ಗೇಮಿಂಗ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ವಾದಕ್ಕೂ ಅಲ್ಲಿ ಜಾಗ ಬಿಡಲಿಲ್ಲ. ಕರ್ನಾಟಕದಲ್ಲಿ 2021ರ ಅಕ್ಟೋಬರ್‌ನಲ್ಲಿ ಅಂಥದೇ ಕಾನೂನು ಬಂತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಹೀಗಾಗಿ ವರ್ಷಗಟ್ಟಲೆ ನಮ್ಮ ಕಡೆ ಒಂದು ವಿಚಿತ್ರ ಸ್ಥಿತಿ ಇತ್ತು. ಊರಿನಲ್ಲಿ ಕೂತು ಮೊಬೈಲ್ ತೆರೆದರೆ ಆಪ್ ನಿಮ್ಮ ರಾಜ್ಯದಲ್ಲಿ ಇಲ್ಲ ಅನ್ನುತ್ತಿತ್ತು, ಬೈಕ್ ಹತ್ತಿ ಬೀದರ್ ಕಡೆಗೆ ಸ್ವಲ್ಪ ದೂರ ಹೋದರೆ ಅದೇ ಆಪ್ ಬಾ ಅನ್ನುತ್ತಿತ್ತು. ಐಪಿಎಲ್ ಸಂಜೆಗಳಲ್ಲಿ ಹಾಗೆ ಗಡಿ ದಾಟಿ ಟೀಮ್ ಕಟ್ಟಿ ಬರುತ್ತಿದ್ದ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬ ತಂಗಿಯ ಕಾಲೇಜು ಫೀಸಿನ ದುಡ್ಡು ಕಳೆದುಕೊಂಡ. ಮನೆಯಲ್ಲಿ ಗೊತ್ತಾದದ್ದು ಕಾಲೇಜಿನಿಂದ ಫೋನ್ ಬಂದಾಗ.

ಈಗ ಆ ಗಡಿಯ ಆಟ ಮುಗಿದಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆಟಗಳನ್ನು ನಡೆಸುವುದನ್ನು ದೇಶದಾದ್ಯಂತ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ನಾವು ಆಡುವುದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಸಂಸ್ಥೆಯೇ ನಡೆಸುವ ಉಚಿತ ಆಟ. ಇದಕ್ಕೆ ಪ್ರವೇಶ ಶುಲ್ಕ ಇಲ್ಲ. "ಮಜಾ ಬರಲಿ, ತಲೆಗೆ ಇನ್ನೂರು ಹಾಕೋಣ" ಎಂದು ಯಾರಾದರೂ ಹೇಳಿದರೆ ಅವರನ್ನು ಲೀಗಿನಿಂದ ಬಿಡುತ್ತೇವೆ. ಇದು ಸಂಘದ ತೀರ್ಮಾನ, ಚರ್ಚೆ ಇಲ್ಲ. ಗೆದ್ದವರಿಗೆ ರಾಜ್ಯೋತ್ಸವದ ದಿನ ಒಂದು ಶಾಲು, ಒಂದು ಪುಸ್ತಕ. ಸೋತವರು ಅಂದು ಚಹಾ ಹಂಚಬೇಕು.

ಡ್ರಾಫ್ಟ್ ಆಟ ಬೇರೆ

ಫ್ಯಾಂಟಸಿ ಪ್ರೀಮಿಯರ್ ಲೀಗ್ ಅಂದರೆ ಬಹಳ ಮಂದಿಗೆ ಗೊತ್ತಿರುವುದು ಮಾಮೂಲಿ ಆಟ. ಅದರಲ್ಲಿ ಎಲ್ಲರಿಗೂ 10 ಕೋಟಿ ಪೌಂಡ್ ಸುಳ್ಳು ದುಡ್ಡು ಕೊಡುತ್ತಾರೆ, ಅದರೊಳಗೆ 15 ಆಟಗಾರರನ್ನು ಕೊಳ್ಳಬೇಕು. ಒಳ್ಳೆಯ ಆಟಗಾರ ನಿಮ್ಮ ಟೀಮಿನಲ್ಲೂ ಇರಬಹುದು, ನನ್ನ ಟೀಮಿನಲ್ಲೂ ಇರಬಹುದು. ಅಲ್ಲಿ ಟ್ರೇಡ್ ಅನ್ನುವ ಮಾತೇ ಬರುವುದಿಲ್ಲ, ಯಾಕಂದರೆ ನನ್ನ ಹತ್ತಿರ ಇರುವುದು ನಿಮ್ಮ ಹತ್ತಿರವೂ ಇದೆ.

ನಾವು ಆಡುವುದು ಡ್ರಾಫ್ಟ್. ಇದರಲ್ಲಿ ದುಡ್ಡೂ ಇಲ್ಲ, ಕ್ಯಾಪ್ಟನ್ನೂ ಇಲ್ಲ. ಸರದಿಯಂತೆ ಒಬ್ಬೊಬ್ಬರೇ ಆಟಗಾರರನ್ನು ಆರಿಸುತ್ತಾ ಹೋಗಬೇಕು. ಒಂದನೇ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೇ ಸುತ್ತಿನಲ್ಲಿ ಮೊದಲು ಆರಿಸುತ್ತಾರೆ. ಒಬ್ಬ ಆಟಗಾರ ಲೀಗಿನಲ್ಲಿ ಒಬ್ಬರಿಗೆ ಮಾತ್ರ. ಸಲಾಹ್ ತಾಂಡೂರಿಗೆ ಹೋದ ಅಂದರೆ ಹೋದ. ನಿಮಗೆ ಬೇಕಿದ್ದರೆ ತಾಂಡೂರಿನವರ ಜೊತೆ ಮಾತಾಡಬೇಕು. ಇದೇ ಈ ಆಟದ ಜೀವ. ಕ್ರಿಕೆಟ್ ಆಪ್‌ಗಳಲ್ಲಿ ಒಂದು ಮ್ಯಾಚಿಗೆ ಟೀಮ್ ಕಟ್ಟಿ ರಾತ್ರಿಗೆ ಮರೆಯುವುದು ಇತ್ತು. ಇಲ್ಲಿ ಆಗಸ್ಟ್‌ನಿಂದ ಮೇ ತನಕ 38 ವಾರ ಅದೇ ಏಳು ಮಂದಿಯ ಜೊತೆ ಮಾತು, ಜಗಳ, ಚೌಕಾಶಿ.

ಇದು ಹೊಸದೂ ಅಲ್ಲ. ಅಮೆರಿಕದ ಓಕ್ಲಂಡ್ ಊರಿನಲ್ಲಿ ಬಿಲ್ ವಿಂಕೆನ್‌ಬಾಕ್ ಅನ್ನುವವರು ಗೆಳೆಯರ ಜೊತೆ 1962ರಲ್ಲಿ ಯೋಚಿಸಿ 1963ರಲ್ಲಿ ಶುರು ಮಾಡಿದ ಮೊದಲ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲೂ ಎಂಟೇ ಟೀಮು. ಅವರ ಫುಟ್‌ಬಾಲ್ ಕೈಯಲ್ಲಿ ಹಿಡಿದು ಓಡುವುದು, ನಮ್ಮದು ಕಾಲಿನದು. ಟ್ರೇಡ್, ವೇವರ್ ಪದಗಳು ಮಾತ್ರ ಅಲ್ಲಿಂದಲೇ ಬಂದವು.

"ನಮ್ಮ ಕಡೆ ಫುಟ್‌ಬಾಲ್ ಯಾರು ನೋಡ್ತಾರ್ರಿ?" ಎಂದು ಕೇಳುವ ಹಿರಿಯರಿಗೆ ಒಂದು ಮಾತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದ ಭಾರತ ತಂಡದ ಕೋಚ್ ಸಯ್ಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು. ಇತ್ತ ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿಯ ರಿಯಾದ್‌ನಲ್ಲಿ. ನಾವು ಎರಡೂ ಕಡೆಯವರು, ಹೆಮ್ಮೆಯೂ ಎರಡು ಪಾಲು.

ಮೊದಲು ಎಣಿಸಿ, ಆಮೇಲೆ ಆಸೆ ಪಡಿ

ಪ್ರತಿ ಟೀಮಿನಲ್ಲೂ 15 ಮಂದಿ: ಗೋಲ್‌ಕೀಪರ್ 2, ಡಿಫೆಂಡರ್ 5, ಮಿಡ್‌ಫೀಲ್ಡರ್ 5, ಫಾರ್ವರ್ಡ್ 3. ವಾರಕ್ಕೆ 11 ಮಂದಿ ಆಡುತ್ತಾರೆ, ನಾಲ್ವರು ಬೆಂಚಿನಲ್ಲಿ. ಎಂಟು ಟೀಮೆಂದರೆ ಒಟ್ಟು 120 ಆಟಗಾರರು ಹೋದರು. ಉಳಿದವರು ಹೊರಗೆ ಬಿದ್ದಿರುತ್ತಾರೆ, ಯಾರು ಬೇಕಾದರೂ ಕೇಳಬಹುದು.

ಈಗ ಲೆಕ್ಕ ನೋಡಿ. ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್. ಪ್ರತಿ ಕ್ಲಬ್ಬಿಗೆ ಖಾಯಂ ಆಡುವ ಗೋಲ್‌ಕೀಪರ್ ಒಬ್ಬನೇ, ಅಂದರೆ 20. ನಮ್ಮ ಎಂಟು ಟೀಮಿಗೆ ಬೇಕಾದದ್ದು 16. ಎಲ್ಲರೂ ಖಾಯಂ ಆಡುವವರನ್ನೇ ಹಿಡಿದರೂ ನಾಲ್ವರು ಹೊರಗೆ ಉಳಿಯುತ್ತಾರೆ. ಹಾಗಿರುವಾಗ ಗೋಲ್‌ಕೀಪರ್‌ಗಾಗಿ ಒಬ್ಬ ಒಳ್ಳೆಯ ಆಟಗಾರನನ್ನು ಕೊಟ್ಟು ಟ್ರೇಡ್ ಮಾಡುವುದು, ಬಾವಿ ಪಕ್ಕದಲ್ಲಿ ಇದ್ದು ನೀರು ಕೊಂಡ ಹಾಗೆ. ಫಾರ್ವರ್ಡ್‌ಗಳ ಕಥೆ ಉಲ್ಟಾ. ನಮಗೆ ಬೇಕಾದದ್ದು 24. ಆದರೆ ಬಹಳಷ್ಟು ಕ್ಲಬ್‌ಗಳು ಮುಂದೆ ಒಬ್ಬನನ್ನೇ ನಿಲ್ಲಿಸುತ್ತವೆ. ಅಂದರೆ ವಾರ ವಾರ ಪೂರ್ತಿ ಆಡುವ ಫಾರ್ವರ್ಡ್ ಹೊರಗೆ ಸಿಗುವುದು ಅಪರೂಪ. ಸಿಕ್ಕರೆ ಬಿಡಬೇಡಿ.

ನಾನು ಹೊಸಬರಿಗೆ ಹೇಳುವ ಒಂದೇ ಸೂತ್ರ ಇದು. ಒಬ್ಬ ಆಟಗಾರನ ಬೆಲೆ ಅವನು ತರುವ ಅಂಕ ಅಲ್ಲ. ಪುಕ್ಕಟೆ ಸಿಗುವ ಅದೇ ಜಾಗದ ಆಟಗಾರನಿಗಿಂತ ಎಷ್ಟು ಹೆಚ್ಚು ತರುತ್ತಾನೆ ಅನ್ನುವುದೇ ಅವನ ಬೆಲೆ. ನಿಮ್ಮ ಗೋಲ್‌ಕೀಪರ್ ವಾರಕ್ಕೆ ಸರಾಸರಿ 4 ತಂದು, ಹೊರಗಿನವನು 3.5 ತಂದರೆ ನಿಮ್ಮವನ ಬೆಲೆ ಅರ್ಧ ಅಂಕ. ನಿಮ್ಮ ಫಾರ್ವರ್ಡ್ ಕೂಡ 4 ತಂದು, ಹೊರಗಿನವನು 1.5 ತಂದರೆ ಅವನ ಬೆಲೆ ಎರಡೂವರೆ. ಇಬ್ಬರ ಅಂಕವೂ 4, ಆದರೆ ಬೆಲೆ ಐದು ಪಟ್ಟು ಬೇರೆ. ಟೀಮ್ ಸಂಖ್ಯೆ ಎಂಟರಿಂದ ಹತ್ತಕ್ಕೆ ಹೋದರೆ ಈ ಲೆಕ್ಕವೂ ಬದಲಾಗುತ್ತದೆ, ಆಗ 20 ಕೀಪರ್‌ಗಳೂ ಹೋಗಿಬಿಡುತ್ತಾರೆ. ಈ ಸಲ ಹೆಸರು ಕೊಟ್ಟವರು ಹತ್ತು ಮಂದಿಯಾದರೆ ಇದನ್ನು ನೆನಪಿಡಿ.

ವೇವರ್

ವೇವರ್ ಅಂದ ತಕ್ಷಣ ನಮ್ಮ ಕಡೆ ನೆನಪಾಗುವುದು ರುಣಮಾಫಿ. 2024ರಲ್ಲಿ ತೆಲಂಗಾಣ ಸರ್ಕಾರ 2 ಲಕ್ಷದವರೆಗಿನ ಬೆಳೆಸಾಲ ಮನ್ನಾ ಮಾಡಿದಾಗ ಬ್ಯಾಂಕಿನ ಮುಂದೆ ಎಲ್ಲರ ಬಾಯಲ್ಲೂ ಇದೇ ಪದ. ನಮ್ಮ ಗ್ರೂಪಿಗೆ ತಪ್ಪಿ ಸೇರಿದ ಒಬ್ಬ ಕಾಕಾ "ವೇವರ್ ಲಿಸ್ಟ್ ಬಂದದ" ಎಂಬ ಮೆಸೇಜ್ ನೋಡಿ ತಮ್ಮ ಪಾಸ್‌ಬುಕ್ ಫೋಟೊ ಹಾಕಿದ್ದರು. ಪದ ಒಂದೇ, ಬಿಟ್ಟುಕೊಡುವುದು ಅನ್ನುವ ಮೂಲ ಅರ್ಥವೂ ಒಂದೇ. ಅಮೆರಿಕದ ಕ್ಲಬ್ ಒಬ್ಬ ಆಟಗಾರನನ್ನು ಬಿಟ್ಟರೆ, ಉಳಿದ ಕ್ಲಬ್‌ಗಳಿಗೆ ಅವನನ್ನು ಕೇಳುವ ಹಕ್ಕು ಸರದಿಯಂತೆ ಬರುತ್ತದೆ. ಬೇಡ ಅಂದವರು ಆ ಹಕ್ಕನ್ನು ಬಿಟ್ಟಂತೆ, ಆಗ ಸರದಿ ಮುಂದಿನವರಿಗೆ ಹೋಗುತ್ತದೆ.

ನಮ್ಮ ಆಟದಲ್ಲಿ ನಡೆಯುವುದು ಹೀಗೆ. ಯಾರ ಟೀಮಿನಲ್ಲೂ ಇಲ್ಲದ ಆಟಗಾರ ಬೇಕಾದರೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ಜೋಡಿಯಾಗಿ ಬರೆಯಬೇಕು. ಇಬ್ಬರೂ ಒಂದೇ ಜಾಗದವರಾಗಿರಬೇಕು, ಡಿಫೆಂಡರ್ ಬಿಟ್ಟು ಫಾರ್ವರ್ಡ್ ತರಲು ಆಗುವುದಿಲ್ಲ. ಆ ವಾರದ ಡೆಡ್‌ಲೈನ್‌ಗೆ 24 ಗಂಟೆ ಮುಂಚೆ ಎಲ್ಲರ ಅರ್ಜಿಗಳನ್ನೂ ಒಟ್ಟಿಗೆ ತೆರೆಯುತ್ತಾರೆ. ಒಬ್ಬನನ್ನೇ ಇಬ್ಬರು ಕೇಳಿದ್ದರೆ, ಪಟ್ಟಿಯಲ್ಲಿ ಕೆಳಗಿರುವವರಿಗೆ ಮೊದಲು. ಕೊನೆಯ ಸ್ಥಾನದಲ್ಲಿ ಇರುವವರದು ಮೊದಲ ಸರದಿ, ಮೇಲಿನ ಸ್ಥಾನದವರದು ಕೊನೆ. ಒಂದು ಅರ್ಜಿ ಫಲಿಸಿದರೆ ಆ ವಾರದ ಸರದಿಯಲ್ಲಿ ನೀವು ಹಿಂದಕ್ಕೆ ಹೋಗುತ್ತೀರಿ. ಅದೆಲ್ಲ ಮುಗಿದ ಮೇಲೆ ಉಳಿದವರು ಸಂತೆ ಮುಗಿದ ಮೇಲೆ ಉಳಿದ ಕಾಯಿಪಲ್ಲೆ ಇದ್ದಂತೆ. ಡೆಡ್‌ಲೈನ್ ತನಕ ಯಾರು ಮೊದಲು ಕೈಹಾಕುತ್ತಾರೋ ಅವರಿಗೆ.

ಇದರಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅಮೆರಿಕದ ವೆಬ್‌ಸೈಟ್‌ಗಳಲ್ಲಿ, ವಿಡಿಯೊಗಳಲ್ಲಿ "ನಿಮ್ಮ ವೇವರ್ ಸರದಿಯನ್ನು ಉಳಿಸಿಟ್ಟುಕೊಳ್ಳಿ, ದೊಡ್ಡ ಆಟಗಾರ ಬಂದಾಗ ಬಳಸಿ" ಎಂದು ಹೇಳುತ್ತಾರೆ. ಅವರ ಕೆಲವು ಲೀಗ್‌ಗಳಲ್ಲಿ ಸರದಿ ಬಳಸುವ ತನಕ ನಿಮ್ಮದೇ ಆಗಿರುತ್ತದೆ, ಅಲ್ಲಿ ಆ ಮಾತು ಸರಿ. ನಮ್ಮಲ್ಲಿ ಪ್ರತಿ ವಾರ ಅಂಕಪಟ್ಟಿ ನೋಡಿ ಸರದಿ ಹೊಸದಾಗಿ ಬರೆಯುತ್ತಾರೆ. ಈ ವಾರ ಬಳಸದೇ ಬಿಟ್ಟದ್ದು ಮುಂದಿನ ವಾರಕ್ಕೆ ಬರುವುದಿಲ್ಲ. ನಾರಾಯಣಖೇಡಿನ ನಮ್ಮ ಗೆಳೆಯರೊಬ್ಬರು ಮೊದಲ ಆರು ವಾರ ಕೊನೆಯ ಸ್ಥಾನದಲ್ಲೇ ಇದ್ದು, ಮೊದಲ ಸರದಿಯನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದೇನೆ ಎಂದು ನಂಬಿ, ಒಂದೂ ಅರ್ಜಿ ಹಾಕಲಿಲ್ಲ. ಏಳನೇ ವಾರ ಗೆದ್ದು ಮೇಲೆ ಹೋದರು. ಗಂಟು ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ.

ಇನ್ನೊಂದು, ಅರ್ಜಿ ಒಂದೇ ಹಾಕಬೇಡಿ. ನೀವು ಪಟ್ಟಿಯಲ್ಲಿ ಎರಡನೆಯವರಾಗಿದ್ದರೆ ನಿಮ್ಮ ಸರದಿ ಏಳನೆಯದು. ಎಲ್ಲರೂ ಮಾತಾಡುತ್ತಿರುವ ಆಟಗಾರ ನಿಮ್ಮ ತನಕ ಬರುವುದಿಲ್ಲ. ಅವನ ಹೆಸರು ಮೇಲೆ ಇರಲಿ, ಕೆಳಗೆ ಇನ್ನೂ ಇಬ್ಬರು ಮೂವರ ಹೆಸರು ಬರೆಯಿರಿ, ಹೊರಗೆ ಹಾಕುವವನ ಹೆಸರು ಎಲ್ಲಕ್ಕೂ ಅದೇ ಇರಲಿ. ಒಂದು ಸಿಕ್ಕರೆ ಉಳಿದವು ತಾವೇ ಬಿದ್ದುಹೋಗುತ್ತವೆ, ಏಕೆಂದರೆ ಹೊರಗೆ ಹಾಕಬೇಕಾದವನು ಆಗಲೇ ಹೋಗಿರುತ್ತಾನೆ. ಒಂದೇ ವಾರ ಇಬ್ಬರನ್ನು ತರುವ ಇರಾದೆ ಇದ್ದರೆ ಮಾತ್ರ ಹೊರಗಿನ ಹೆಸರು ಬೇರೆ ಬೇರೆ ಬರೆಯಿರಿ.

ಯಾರನ್ನು ಕೇಳಬೇಕು? ಕಳೆದ ವಾರ ಎರಡು ಗೋಲು ಹೊಡೆದವನ ಹಿಂದೆ ಎಲ್ಲರೂ ಓಡುತ್ತಾರೆ. ನಾನು ನೋಡುವುದು ಗೋಲನ್ನಲ್ಲ, ಎಷ್ಟು ನಿಮಿಷ ಆಡಿದ, ಪೆನಾಲ್ಟಿ ಯಾರು ಹೊಡೆಯುತ್ತಾರೆ, ಯಾವ ಕ್ಲಬ್ಬಿನಿಂದ ಯಾವ ಕ್ಲಬ್ಬಿಗೆ ಹೋದ ಅನ್ನುವುದನ್ನು. ಕೋಲ್ ಪಾಮರ್ ಕಥೆ ನೋಡಿ. 2023ರ ಆಗಸ್ಟ್‌ನಲ್ಲಿ ಅವನು ಮ್ಯಾಂಚೆಸ್ಟರ್ ಸಿಟಿಯಲ್ಲಿ ಬೆಂಚಿನ ಹುಡುಗ. ಎಂಟು ಮಂದಿಯ ಲೀಗಿನಲ್ಲಿ ಅವನನ್ನು ಡ್ರಾಫ್ಟ್‌ನಲ್ಲಿ ಯಾರು ಆರಿಸುತ್ತಾರೆ? ಸೆಪ್ಟೆಂಬರ್ 1ರಂದು, ವರ್ಗಾವಣೆಯ ಕೊನೆಯ ದಿನ, ಚೆಲ್ಸಿ ಅವನನ್ನು ಕೊಂಡಿತು. ಮೊದಲ ಲೀಗ್ ಗೋಲು ಬಂದದ್ದು ಅಕ್ಟೋಬರ್ 7ರಂದು, ಬರ್ನ್ಲಿ ಮೇಲೆ, ಪೆನಾಲ್ಟಿಯಿಂದ. ಸೀಸನ್ ಮುಗಿದಾಗ 22 ಗೋಲು, 11 ಅಸಿಸ್ಟ್, ಫ್ಯಾಂಟಸಿಯಲ್ಲಿ 244 ಅಂಕ, ಆ ವರ್ಷ ಎಲ್ಲರಿಗಿಂತ ಹೆಚ್ಚು. ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದವರು ಪುಕ್ಕಟೆ ಪಡೆದರು. ಅಕ್ಟೋಬರ್ ತನಕ ಕಾದವರು ಸರದಿಯಲ್ಲಿ ನಿಂತರು. ಹಾಗಾಗಿ ಸೆಪ್ಟೆಂಬರ್ ಮೊದಲ ವಾರ, ಫೆಬ್ರವರಿ ಮೊದಲ ವಾರ, ಅಂದರೆ ವರ್ಗಾವಣೆ ಮುಗಿದ ತಕ್ಷಣದ ದಿನಗಳಲ್ಲಿ ಪಟ್ಟಿ ತೆರೆದು ಕೂರಬೇಕು.

ಗಾಯಗೊಂಡವರನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಅದೇ 2023ರ ಆಗಸ್ಟ್ 11ರಂದು, ಸೀಸನ್‌ನ ಮೊಟ್ಟಮೊದಲ ಮ್ಯಾಚಿನಲ್ಲೇ ಕೆವಿನ್ ಡಿ ಬ್ರೈನ್ ತೊಡೆಯ ಸ್ನಾಯು ಹಿಡಿದುಕೊಂಡು ಹೊರಗೆ ಹೋದ. ಮರಳಿ ಬಂದದ್ದು ಜನವರಿಯಲ್ಲಿ. 13ರಂದು ನ್ಯೂಕ್ಯಾಸಲ್ ಮೇಲೆ ಬೆಂಚಿನಿಂದ ಎದ್ದು ಬಂದು ಒಂದು ಗೋಲು ಹೊಡೆದ, ಒಂದು ಹೊಡೆಸಿದ, ಸಿಟಿ 3-2 ಗೆದ್ದಿತು. ಐದು ತಿಂಗಳು ಇಟ್ಟುಕೊಂಡವರಿಗೆ ಅಂದು ಹಬ್ಬ. ಆದರೆ ಬೆಂಚಿನಲ್ಲಿ ಇರುವುದೇ ನಾಲ್ಕು ಜಾಗ, ಅದರಲ್ಲಿ ಒಂದು ಗೋಲ್‌ಕೀಪರ್‌ಗೆ. ಉಳಿದ ಮೂರರಲ್ಲಿ ಒಂದನ್ನು ಐದು ತಿಂಗಳು ಬೀಗ ಹಾಕಿ ಇಟ್ಟರೆ, ಡಿಸೆಂಬರ್‌ನಲ್ಲಿ ಮೂರು ದಿನಕ್ಕೊಂದು ಮ್ಯಾಚ್ ಬಂದಾಗ ಆಡಿಸಲು ಆಳು ಸಾಲುವುದಿಲ್ಲ. ಅದೇ ಜನವರಿಯಲ್ಲಿ ಮರಳಿದ ಇನ್ನೊಬ್ಬ ಐವನ್ ಟೋನಿ. ಅವನಿಗೆ ಗಾಯ ಆಗಿರಲಿಲ್ಲ, ಬೆಟ್ಟಿಂಗ್ ನಿಯಮಗಳನ್ನು 232 ಸಲ ಮುರಿದದ್ದಕ್ಕೆ ಎಂಟು ತಿಂಗಳು ನಿಷೇಧ. (ದುಡ್ಡು ಬೇಡ ಎಂದು ನಾನು ಯಾಕೆ ಹೇಳುತ್ತೇನೆ ನೋಡಿ, ಅದು ಆಡುವವರನ್ನೂ ಬಿಡುವುದಿಲ್ಲ.) ಮರಳಿದ ದಿನವೇ ಫ್ರೀಕಿಕ್ ಗೋಲು ಹೊಡೆದ. ಎಲ್ಲರೂ ಮುಗಿಬಿದ್ದರು. ಸೀಸನ್ ಮುಗಿಯುವ ತನಕ ಹೊಡೆದದ್ದು ಒಟ್ಟು ನಾಲ್ಕು. ನನ್ನ ಲೆಕ್ಕ ಹೀಗಿದೆ: ಆರು ವಾರದೊಳಗೆ ಬರುವವನು ದೊಡ್ಡ ಆಟಗಾರನಾದರೆ ಇಟ್ಟುಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚಾದರೆ ಬಿಡುವ ಮುನ್ನ ಟ್ರೇಡ್ ಕೇಳಿ ನೋಡುತ್ತೇನೆ. ಪಟ್ಟಿಯ ಮೇಲಿರುವವರಿಗೆ ಕಾಯುವ ಅನುಕೂಲ ಇರುತ್ತದೆ, ಅವರೇ ಕೊಳ್ಳುತ್ತಾರೆ.

ಟ್ರೇಡ್

ಟ್ರೇಡ್ ಅಂದರೆ ಅದಲಿ ಬದಲಿ. ನಮ್ಮ ಅಜ್ಜಿಯರು ಜೋಳ ಕೊಟ್ಟು ಕಡಲೆ ತರುತ್ತಿದ್ದರಲ್ಲ, ಅದೇ. ಅವರಿಗೆ ಗೊತ್ತಿದ್ದ ಒಂದು ಮಾತು ನಮ್ಮ ಹುಡುಗರಿಗೆ ಗೊತ್ತಿಲ್ಲ. ಅದೇನೆಂದರೆ ಇಬ್ಬರಿಗೂ ಲಾಭ ಆಗುವ ವ್ಯವಹಾರ ಇರುತ್ತದೆ. ಹುಡುಗರು ಟ್ರೇಡ್ ಅಂದರೆ ಎದುರಿನವರನ್ನು ಯಾಮಾರಿಸುವುದು ಎಂದುಕೊಳ್ಳುತ್ತಾರೆ. ಒಮ್ಮೆ ಯಾಮಾರಿದವರು ಮುಂದಿನ 30 ವಾರ ನಿಮ್ಮ ಫೋನ್ ಎತ್ತುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಅಂಕಗಳು ನಾನೇ ಇಟ್ಟದ್ದು. ನನ್ನ ಟೀಮಿನಲ್ಲಿ ಮಿಡ್‌ಫೀಲ್ಡರ್‌ಗಳು, ಫಾರ್ವರ್ಡ್‌ಗಳು ಗಟ್ಟಿ. ವಾರಕ್ಕೆ ಸರಾಸರಿ 4.5 ಅಂಕ ತರುವ ಐದನೇ ಮಿಡ್‌ಫೀಲ್ಡರ್ ಬೆಂಚಿನಲ್ಲಿ ಕೂತಿದ್ದಾನೆ. ಆದರೆ ಡಿಫೆಂಡರ್ ಕನಿಷ್ಠ ಮೂವರು ಆಡಲೇಬೇಕು, ನನ್ನ ಮೂರನೇ ಡಿಫೆಂಡರ್ ತರುವುದು 2. ತಾಂಡೂರಿನ ಕಾಕಾನ ಟೀಮಿನಲ್ಲಿ ಐದೂ ಡಿಫೆಂಡರ್ 4 ಅಂಕದವರು. ಮಿಡ್‌ಫೀಲ್ಡ್‌ನಲ್ಲಿ ಮೂವರು ಸರಿ ಇದ್ದಾರೆ, ನಾಲ್ಕನೆಯವನು 2 ತರುವವನು, ಹಾಗಾಗಿ ಅವರು 5-3-2 ಆಡಿಸುತ್ತಿದ್ದಾರೆ. ಮಾತು ಹೀಗೆ ನಡೆಯಿತು ಅಂದುಕೊಳ್ಳಿ:

"ಕಾಕಾ, ನಿಮ್ ಬಲ್ಲಿ ಡಿಫೆಂಡರ್ ಭಾಳ ಅದಾರ. ಒಬ್ಬನ್ನ ನನಗ ಕೊಡ್ರಿ."

"ಕೊಡ್ತೀನಿ ತಮ್ಮಾ. ನೀ ಏನ್ ಕೊಡ್ತಿ?"

"ನನ್ ಬೆಂಚಿನ ಮ್ಯಾಗ ಕುಂತಾನಲ್ರಿ ಮಿಡ್‌ಫೀಲ್ಡರ್, ಅವನ್ನ ಕೊಡ್ತೀನಿ. ಜೋಡಿಗೆ ನಿಮ್ ಸಣ್ಣ ಮಿಡ್‌ಫೀಲ್ಡರ್ ನನಗ, ನನ್ ಸಣ್ಣ ಡಿಫೆಂಡರ್ ನಿಮಗ."

ಕೊನೆಯ ವಾಕ್ಯ ಯಾಕೆ ಬೇಕು ಅಂದರೆ, ಟೀಮಿನಲ್ಲಿ 2-5-5-3 ಲೆಕ್ಕ ತಪ್ಪಬಾರದು, ಡಿಫೆಂಡರ್ ಕೊಟ್ಟರೆ ಡಿಫೆಂಡರ್ ಬರಬೇಕು. ಈಗ ಫಲ ನೋಡಿ. ನನ್ನ ಹನ್ನೊಂದರಲ್ಲಿ 2 ಅಂಕದ ಡಿಫೆಂಡರ್ ಜಾಗಕ್ಕೆ 4 ಅಂಕದವನು ಬಂದ, ನನಗೆ ವಾರಕ್ಕೆ 2 ಲಾಭ. ನಾನು ಕೊಟ್ಟವನು ಹೇಗೂ ಬೆಂಚಿನಲ್ಲಿದ್ದ. ಕಾಕಾ 4-4-2ಗೆ ಬಂದರು. 4 ಅಂಕದ ಡಿಫೆಂಡರ್ ಹೋಗಿ 4.5ರ ಮಿಡ್‌ಫೀಲ್ಡರ್ ಬಂದ, ಅವರಿಗೆ ಅರ್ಧ ಲಾಭ. ಇಬ್ಬರಿಗೂ ಒಳ್ಳೆಯದಾಯಿತು, ಆದರೆ ನನಗೆ ಹೆಚ್ಚು. ಲೆಕ್ಕ ಬಲ್ಲ ಕಾಕಾ ಇಲ್ಲಿ ನಿಲ್ಲುವುದಿಲ್ಲ, "ನಿನಗ ಎರಡು, ನನಗ ಅರ್ಧ? ಇನ್ನೂ ಚಲೋ ಮಿಡ್‌ಫೀಲ್ಡರ್ ತಾ" ಅನ್ನುತ್ತಾರೆ. ಅನ್ನಬೇಕು ಕೂಡ. ಚೌಕಾಶಿ ಶುರುವಾಗುವುದೇ ಅಲ್ಲಿಂದ.

ಹೀಗಾಗಿ ಟ್ರೇಡ್ ಕೇಳುವ ಮುನ್ನ ನಿಮ್ಮ ಟೀಮಿಗಿಂತ ಅವರ ಟೀಮನ್ನು ಹೆಚ್ಚು ಹೊತ್ತು ನೋಡಿ. ಅವರಿಗೆ ಯಾವ ಜಾಗ ಸುಡುತ್ತಿದೆ? ಯಾರು ಬೆಂಚಿನಲ್ಲಿ ಕೂತು ಅಂಕ ವ್ಯರ್ಥ ಮಾಡುತ್ತಿದ್ದಾರೆ? ನಿಮ್ಮ ಬೆಂಚಿನಲ್ಲಿ ಕೊಳೆಯುತ್ತಿರುವುದು ಅವರ ಹೊಲಕ್ಕೆ ಗೊಬ್ಬರ ಆಗಬಹುದು. ಮತ್ತೆ, ಆಪ್‌ನಲ್ಲಿ ಸುಮ್ಮನೆ ಆಫರ್ ಕಳಿಸಬೇಡಿ, ಫೋನ್ ಮಾಡಿ. ಹತ್ತು ಆಫರ್ ಕಳಿಸಿ ಹತ್ತೂ ತಿರಸ್ಕಾರವಾದ ಹುಡುಗನೊಬ್ಬ ಹನ್ನೊಂದನೆಯದಕ್ಕೆ ಫೋನ್ ಮಾಡಿದ, ಎರಡು ನಿಮಿಷದಲ್ಲಿ ಮುಗಿಯಿತು. ಆ ಹುಡುಗ ತೆಲುಗು ಮೀಡಿಯಂ. ಕನ್ನಡ ಮಾತಾಡುತ್ತಾನೆ, ಓದಲು ಬರುತ್ತಿರಲಿಲ್ಲ. ಗ್ರೂಪಿನಲ್ಲಿ ಟ್ರೇಡ್ ಕಾರಣ ಕನ್ನಡದಲ್ಲೇ ಬರೆಯಬೇಕು ಎಂಬ ನಿಯಮ ಇಟ್ಟಿದ್ದರಿಂದ ಈಗ ತಪ್ಪುಗಳ ಸಮೇತ ಟೈಪ್ ಮಾಡುತ್ತಾನೆ. ತಪ್ಪುಗಳನ್ನು ಯಾರೂ ತಿದ್ದಬಾರದು ಎಂದೂ ನಿಯಮ ಇದೆ.

ಯಾವಾಗ ಮಾರಬೇಕು ಅನ್ನುವುದಕ್ಕೆ 2024ರ ಜನವರಿಯ ಸಲಾಹ್‌ಗಿಂತ ಒಳ್ಳೆಯ ಪಾಠ ಇಲ್ಲ. ಜನವರಿ 1ರಂದು ನ್ಯೂಕ್ಯಾಸಲ್ ಮೇಲೆ ಎರಡು ಹೊಡೆದು 14 ಲೀಗ್ ಗೋಲಿಗೆ ತಲುಪಿದ. ಆದರೆ ಆಫ್ರಿಕಾ ಕಪ್ 13ಕ್ಕೆ ಶುರು, ಅವನು ಈಜಿಪ್ಟ್‌ಗೆ ಆಡಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಹೋಗಿ ಗಾಯ ಮಾಡಿಕೊಂಡ. ಸೀಸನ್ ಮುಗಿದಾಗ ಅವನ ಗೋಲು 18, ಅಂದರೆ ಆಮೇಲೆ ಬಂದದ್ದು ನಾಲ್ಕೇ. ಜನವರಿ 2ರಂದು ಅವನನ್ನು ಕೊಟ್ಟು ಇಬ್ಬರು ಒಳ್ಳೆಯವರನ್ನು ತಂದವರು ಜಾಣರು. ಹಾಗೆಂದು ಇದನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಮರುವರ್ಷ 2024-25ರಲ್ಲಿ ಅದೇ ಸಲಾಹ್ 29 ಗೋಲು, 18 ಅಸಿಸ್ಟ್, 344 ಅಂಕ ತಂದು ಫ್ಯಾಂಟಸಿ ದಾಖಲೆ ಬರೆದ. ಆ ವರ್ಷ "ಹೋದ ವರ್ಷದ ಪಾಠ" ಎಂದು ಜನವರಿಯಲ್ಲಿ ಕೊಟ್ಟವರು ತಲೆ ಚಚ್ಚಿಕೊಂಡರು. ವ್ಯತ್ಯಾಸ ಇಷ್ಟೇ, ಆ ಜನವರಿಯಲ್ಲಿ ಆಫ್ರಿಕಾ ಕಪ್ ಇರಲಿಲ್ಲ. ಕ್ಯಾಲೆಂಡರ್ ನೋಡಿ ಮಾರಬೇಕು, ಭಯ ನೋಡಿ ಅಲ್ಲ.

ಅಣ್ಣ-ತಮ್ಮನ ಟ್ರೇಡ್

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಸಂಬಂಧಪಟ್ಟ ಇಬ್ಬರೂ ಬರೆಯಿರಿ ಎಂದ ಮೇಲೆ ಬರೆಯುತ್ತಿದ್ದೇನೆ. ಮಾರ್ಚ್‌ನಲ್ಲಿ, ನಮ್ಮ ಲೀಗಿನ ಕೊನೆಯ ಸ್ಥಾನದಲ್ಲಿದ್ದ ತಮ್ಮ, ಎರಡನೇ ಸ್ಥಾನದಲ್ಲಿದ್ದ ಸ್ವಂತ ಅಣ್ಣನಿಗೆ ತನ್ನ ಅತಿ ಒಳ್ಳೆಯ ಮಿಡ್‌ಫೀಲ್ಡರ್ ಕೊಟ್ಟು, ಬದಲಿಗೆ ಸೀಸನ್ ಪೂರ್ತಿ ಹೊರಗಿದ್ದ ಗಾಯಾಳುವನ್ನು ತೆಗೆದುಕೊಂಡ. ಒಂದೇ ಮನೆ, ಒಂದೇ ವೈಫೈ. ನಮ್ಮ ಲೀಗಿನಲ್ಲಿ ಆಗ ಟ್ರೇಡ್‌ಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಮೊದಲ ಸ್ಥಾನದಲ್ಲಿದ್ದವರು ಗ್ರೂಪ್ ಬಿಟ್ಟು ಹೋದರು. ಸಂಕ್ರಾಂತಿಗೆ ಎಳ್ಳು ಕೊಟ್ಟು ಬಂದ ಮನೆಗಳ ನಡುವೆ ಎರಡು ವಾರ ಮಾತಿರಲಿಲ್ಲ. ಪುಕ್ಕಟೆ ಆಟ, ಆದರೂ.

ಕೊನೆಗೆ ಅಣ್ಣ-ತಮ್ಮ ಆ ಟ್ರೇಡನ್ನು ತಿರುಗಿಸಿದರು, ಗ್ರೂಪ್ ಬಿಟ್ಟವರು ಮರಳಿದರು. ಈ ಸಲ ನಿಯಮ ಬದಲಾಯಿಸಿದ್ದೇವೆ. ಆಟದಲ್ಲೇ ಟ್ರೇಡ್‌ಗೆ ಅಡ್ಮಿನ್ ಒಪ್ಪಿಗೆ ಅಥವಾ ಎಲ್ಲರ ಮತ ಎಂಬ ಆಯ್ಕೆ ಇದೆ. ಮತ ಬೇಡ ಎಂಬುದು ನನ್ನ ಅಭಿಪ್ರಾಯವಾಗಿತ್ತು, ಅದೇ ನಿಂತಿತು. ಮತ ಇಟ್ಟರೆ ಯಾರಿಗೆ ಒಳ್ಳೆಯ ಟ್ರೇಡ್ ಸಿಕ್ಕರೂ ಉಳಿದವರು ಹೊಟ್ಟೆಕಿಚ್ಚಿಗೆ ಬೇಡ ಅನ್ನುತ್ತಾರೆ. ಅಡ್ಮಿನ್ ಒಬ್ಬರು, ಅವರು ಲೀಗಿನಲ್ಲಿ ಆಡುವುದಿಲ್ಲ. ಅವರು ನೋಡುವುದು ಒಂದನ್ನೇ: ಇಬ್ಬರೂ ತಮ್ಮ ತಮ್ಮ ಟೀಮಿಗೆ ಒಳ್ಳೆಯದಾಗಲಿ ಎಂದೇ ಮಾಡಿದರೇ? ಹೌದಾದರೆ ಟ್ರೇಡ್ ಎಷ್ಟೇ ದಡ್ಡತನದ್ದಾದರೂ ನಡೆಯುತ್ತದೆ. ದಡ್ಡತನ ಮಾಡುವ ಹಕ್ಕು ಎಲ್ಲರಿಗೂ ಇದೆ, ನಾನೂ ಬಳಸಿದ್ದೇನೆ. ಟ್ರೇಡ್ ಮಾಡಿದ ಇಬ್ಬರೂ ಕಾರಣವನ್ನು ಎರಡು ಸಾಲಿನಲ್ಲಿ ಗ್ರೂಪಿಗೆ ಬರೆಯಬೇಕು. 30ನೇ ವಾರದ ನಂತರ ಟ್ರೇಡ್ ಇಲ್ಲ. ಕೊನೆಯ ಸ್ಥಾನದವರಿಗೆ ಆಗ ಕಳೆದುಕೊಳ್ಳುವುದು ಏನೂ ಇರುವುದಿಲ್ಲ, ತೊಂದರೆ ಹುಟ್ಟುವುದೇ ಆಗ. ವೇವರ್ ಮಾತ್ರ ಕೊನೆಯ ವಾರದ ತನಕ ಇರುತ್ತದೆ.

ಸಮಯ

ಇಂಗ್ಲೆಂಡಿನ ಗಡಿಯಾರಕ್ಕೆ ಹೊಂದಿಕೊಳ್ಳಬೇಕು. ಡೆಡ್‌ಲೈನ್ ವಾರದ ಮೊದಲ ಮ್ಯಾಚಿಗೆ 90 ನಿಮಿಷ ಮುಂಚೆ. ಶನಿವಾರ ಅಲ್ಲಿ ಮಧ್ಯಾಹ್ನ 12:30ಕ್ಕೆ ಮೊದಲ ಮ್ಯಾಚ್ ಇದ್ದರೆ ನಮಗೆ ಸಂಜೆ 5, ಡೆಡ್‌ಲೈನ್ 3:30, ವೇವರ್ ಅರ್ಜಿ ಶುಕ್ರವಾರ 3:30ರೊಳಗೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಿಟ್ಟ ಮೇಲೆ ಎಲ್ಲವೂ ಒಂದು ಗಂಟೆ ತಡ. ಶುಕ್ರವಾರ ರಾತ್ರಿ ಮ್ಯಾಚ್ ಇರುವ ವಾರ ಎಚ್ಚರ: ವೇವರ್ ಗುರುವಾರ ರಾತ್ರಿಯೇ ಮುಗಿಯುತ್ತದೆ. ಕಳೆದ ಸಲ ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರು ಈ ಶುಕ್ರವಾರದ ಮ್ಯಾಚಿಗೆ ಬಲಿಯಾದವರು. ಗ್ರೂಪಿನಲ್ಲಿ ಪ್ರತಿ ವಾರ ಅಡ್ಮಿನ್ ಸಮಯ ಹಾಕುತ್ತಾರೆ.

ಸೇರಲು ಬಯಸುವವರು ಜುಲೈ ಕೊನೆಯೊಳಗೆ ಸಂಘದ ಗ್ರೂಪಿನಲ್ಲಿ ಹೆಸರು, ಊರು ಬರೆಯಿರಿ. 18 ವರ್ಷದೊಳಗಿನವರು ಮನೆಯವರಿಂದ ಒಂದು ಮೆಸೇಜ್ ಹಾಕಿಸಬೇಕು. ಡ್ರಾಫ್ಟ್ ಭಾನುವಾರ ಸಂಜೆ ಇಡುತ್ತೇವೆ, ದಿನಾಂಕ ಆಮೇಲೆ ತಿಳಿಸುತ್ತೇವೆ. ಅಂದು ನಮ್ಮ ಕಡೆ ಕರೆಂಟ್, ನೆಟ್‌ವರ್ಕ್ ಎರಡೂ ಇರುತ್ತವೆ ಎಂದು ನಂಬಿ ಕೂರಬೇಡಿ. ಹಿಂದಿನ ದಿನವೇ ಆಟದ ವಾಚ್‌ಲಿಸ್ಟ್‌ನಲ್ಲಿ ಕನಿಷ್ಠ 40 ಹೆಸರು ನಿಮ್ಮ ಇಷ್ಟದ ಕ್ರಮದಲ್ಲಿ ಸೇರಿಸಿಡಿ. ನಿಮ್ಮ ಸರದಿ ಬಂದಾಗ ನೀವು ಇಲ್ಲದಿದ್ದರೆ ಯಂತ್ರ ಆ ಪಟ್ಟಿಯಿಂದಲೇ ಆರಿಸುತ್ತದೆ.